ಅರವತ್ತೊಂದರ ಗೆರೆ

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಬೆಂಚು
ಹನ್ನೊಂದನೇ ತಾರೀಕು, ಬುಧವಾರ, ಬೆಳಗ್ಗೆ ಹತ್ತೂವರೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವೇದಿಕೆಗೆ ಕರೆಯಲಿಲ್ಲವೆಂದು ಮೊದಲ ಸಾಲಿನಲ್ಲಿ ಮುನಿಸಿಕೊಂಡು ಕೂತಿರುವ ಇನ್ನೂ ಹಿರಿಯರೇ, ಊಟದ ಹೊತ್ತನ್ನು ಗಡಿಯಾರದಲ್ಲಿ ನೋಡುತ್ತಿರುವ ಸಭಿಕರೇ, ಮತ್ತು ಇವರೆಲ್ಲರ ಮೈಯೊಳಗೆ ಈ ಗಳಿಗೆಯಲ್ಲೂ ಬಿಡುವಿಲ್ಲದೆ ಉಸಿರು ಹೊತ್ತು ಓಡುತ್ತಿರುವ, ಇದುವರೆಗೆ ಯಾರೂ ಚಪ್ಪಾಳೆ ತಟ್ಟದ ಕೆಂಪು ರಕ್ತಕಣಗಳೇ! ಇಂದು ನಾವು ಸನ್ಮಾನಿಸುತ್ತಿರುವ ವಿಜ್ಞಾನಿ ನನ್ನ ಅಕ್ಕ. ಕಣ್ಣಿಗೆ ಕಾಣದ ಕಣದ ನಡಿಗೆಯನ್ನು ಅಳೆದು, ಆರೋಗ್ಯಕ್ಕೂ ಕಾಯಿಲೆಗೂ ನಡುವೆ ಗೆರೆಯೊಂದನ್ನು ಎಳೆದವಳು. ಆ ಅಳತೆಗೆ ರಕ್ತ ಕೊಟ್ಟ ಇಪ್ಪತ್ತು ಮಂದಿ ಆರೋಗ್ಯವಂತರನ್ನೂ, ಅದರಲ್ಲೂ ಒಂಬತ್ತು ಮತ್ತು ಹದಿನಾಲ್ಕನೇ ನಂಬರಿನ ಮಹನೀಯರನ್ನೂ ಇಂದು ವೇದಿಕೆಗೆ ಕರೆಯಬೇಕಾಗಿತ್ತು. ಅನಿವಾರ್ಯ ಕಾರಣಗಳಿಂದ ಅವರು ಬಂದಿಲ್ಲ.

ಪ್ರೀತಿಯ ಅಕ್ಕಾ,

ಭಾಷಣ ಇಲ್ಲಿಗೇ ನಿಂತುಬಿಟ್ಟಿದೆ. ನಿನ್ನ ಸಂಸ್ಥೆಯ ಕಾರ್ಯದರ್ಶಿ ಮೂರು ಸಲ ಫೋನ್ ಮಾಡಿ, "ತಮ್ಮನಾಗಿ ಎರಡು ಮಾತು ಬರೆದು ಕಳಿಸಿ ಸಾರ್, ಸಭೆಯಲ್ಲಿ ಓದಿಸ್ತೀವಿ" ಅಂದರು. ಎರಡು ಕೇಳಿದರೆ ಇಪ್ಪತ್ತು ಕೊಡುವವನು ನಾನು ಎಂದು ಪಾಪ ಅವರಿಗೆ ಗೊತ್ತಿಲ್ಲ. ಆದರೆ ಈ ಸಲ ನಾಲ್ಕೈದು ಸಾಲಿಗೇ ಪೆನ್ನು ಮುಷ್ಕರ ಹೂಡಿತು. ಅದಕ್ಕೇ ಅದರ ಕೆಳಗೇ ನಿನಗೆ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಯಲು ಬಿಟ್ಟವಳಲ್ಲ. ಕಾಗದದಲ್ಲಾದರೆ ನಿನಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಲಕೋಟೆ ದಪ್ಪಗಿದೆ ಅಂತ ಗಾಬರಿಯಾಗಬೇಡ. ಒಳಗೆ ನಮ್ಮ ಹಳೆಯ ಹಸಿರು ಪುಸ್ತಕ ಇದೆ. ಯಾಕೆ ಇಟ್ಟೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಮಂಡಿ ನೋವು ಕಮ್ಮಿಯಾಯಿತಾ? ಪ್ರಯೋಗಾಲಯದಲ್ಲಿ ದಿನವಿಡೀ ನಿಂತೇ ಇರಬೇಡ, ಕುರ್ಚಿ ಕಂಡುಹಿಡಿದವನೂ ವಿಜ್ಞಾನಿಯೇ ಇದ್ದಿರಬೇಕು. ಭಾವನ ಸಕ್ಕರೆ ಹದ್ದುಬಸ್ತಿನಲ್ಲಿದೆಯಾ, ಅಥವಾ ನೀನು ಆ ಕಡೆ ತಿರುಗಿದ ಕೂಡಲೇ ಡಬ್ಬಿಯ ಮುಚ್ಚಳ ಈ ಕಡೆ ತಿರುಗುತ್ತದಾ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ಅವಳಿಗೆ ಬೇಕಾದದ್ದನ್ನು ಕೇಳಿಸಿಕೊಂಡು, ಬೇಡದ್ದನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ನಿನ್ನ ಪ್ರಬಂಧದ ಮೊದಲ ಪುಟಕ್ಕೆ ಗಾಜಿನ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳಲ್ಲ, ಈಗ ಅದರ ಕೆಳಗೇ ಕುರ್ಚಿ ಎಳೆಸಿಕೊಂಡು ಕೂರುತ್ತಾಳೆ. ಒಂದಕ್ಷರ ಇಂಗ್ಲಿಷ್ ಬಾರದವಳು ಬಂದವರಿಗೆಲ್ಲ, "ಇದರಲ್ಲಿ ನಮ್ಮ ರಕ್ತದ ವಿಷಯಾನೇ ಇರೋದು" ಅನ್ನುತ್ತಾಳೆ. ಹೋದ ತಿಂಗಳಿನವರೆಗೆ ನನಗೆ ಅದು ನಗುವ ಮಾತಾಗಿತ್ತು.

ಈಗ ಬುಗುರಿಯ ಸಮಾಚಾರ. ನಿನ್ನ ಸೊಸೆಗೆ ನಾನು ಬುಗುರಿ ಎಂದು ಹೆಸರಿಟ್ಟದ್ದು ನಿಂತಲ್ಲಿ ನಿಲ್ಲುತ್ತಿರಲಿಲ್ಲ ಎಂದು. ಹದಿನಾರು ತುಂಬಿದ ಹುಡುಗಿ ಈಗ ಹಾಸಿಗೆಯಿಂದ ಕಿಟಕಿಗೆ ಏಳು ಹೆಜ್ಜೆ ಇಡಲು ನಡುವೆ ಒಂದು ಸಲ ನಿಲ್ಲುತ್ತಾಳೆ. ಅವಳೇ ಎಣಿಸಿ ಹೇಳಿದ್ದು, "ಅಪ್ಪಾ, ನಾಲ್ಕಕ್ಕೆ ಒಂದು ಸ್ಟಾಪು, ಏಳಕ್ಕೆ ಟರ್ಮಿನಸ್ಸು." ಕಣ್ಣಿನ ಬಿಳಿ ಹಳದಿಯಾಗಿದೆ. ಹೊಟ್ಟೆ ಬಲಗಡೆ ಬಿಗಿದುಕೊಂಡಿದೆ. ಇಲ್ಲಿನ ಡಾಕ್ಟರಮ್ಮ ನೇರ ಮಾತಿನವರು. ಲಿವರ್ ತುಂಬ ಕಬ್ಬಿಣ ಸೇರಿಕೊಂಡಿದೆ, ಅದು ಲಿವರ್ ಅನ್ನು ಒಳಗೊಳಗೇ ಕೆಡಿಸಿದೆ ಎಂದರು. ಕಬ್ಬಿಣ ಎಲ್ಲಿಂದ ಬಂತು ಎಂದು ಅವರು ಕೇಳಿದಾಗ ನಿನ್ನ ನಾದಿನಿ, ಬುಗುರಿಯ ಅಮ್ಮ, ನನ್ನ ಮುಖ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಅದು ನಿನಗೂ ಗೊತ್ತಿರುವ ಕಥೆಯೇ. ಆದರೂ ಕ್ರಮವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಯಾವುದನ್ನೂ ನಿನಗೆ ಕ್ರಮವಾಗಿ ಹೇಳಿದವನಲ್ಲ. ಎರಡು ವರ್ಷದ ಹಿಂದೆ ಅವಳು ಶಾಲೆಯ ಮೆಟ್ಟಿಲಲ್ಲಿ ಅರ್ಧಕ್ಕೆ ಕೂತುಬಿಟ್ಟಳು. ರಕ್ತ ನೋಡಿಸಿದೆವು. ಹಿಮೋಗ್ಲೋಬಿನ್ ಕಮ್ಮಿ ಇತ್ತು. ಆಗ ನೋಡಿದ ಡಾಕ್ಟರು ಹುಷಾರಿನ ಮನುಷ್ಯ. "ಎರಡೇ ಕಾರಣ ಇರ್ಬೇಕು. ಒಂದೋ ರಕ್ತಕಣಾನೇ ಸರಿಯಿಲ್ಲ, ಇಲ್ಲಾ ಕಬ್ಬಿಣ ಸಾಲ್ತಿಲ್ಲ" ಎಂದು ನಿನ್ನ ಪರೀಕ್ಷೆಯನ್ನೇ ಬರೆದುಕೊಟ್ಟರು. ಅವರ ಗೋಡೆಯ ಮೇಲೆ ನಿನ್ನ ಚಿತ್ರಪಟ ತೂಗುತ್ತಿತ್ತು ಅಕ್ಕಾ, ಬೂದು ಬಣ್ಣದ ಪಟ್ಟಿ, ಪಟ್ಟಿಯ ತಳದಲ್ಲಿ ದಪ್ಪ ಗೆರೆ, ಗೆರೆಯ ಪಕ್ಕ ಅರವತ್ತೊಂದು, ಅದಕ್ಕಿಂತ ಕೆಳಗಾದರೆ ಕಾಯಿಲೆ. ಬುಗುರಿಯದ್ದು ಅರವತ್ತೆರಡು ಬಂತು. ಡಾಕ್ಟರು ಕುರ್ಚಿಗೆ ಒರಗಿ ನಕ್ಕರು. "ಕಣಗಳು ನಾರ್ಮಲ್. ನಿಮ್ಮ ಅಕ್ಕನೇ ಎಳೆದ ಗೆರೆ, ಇನ್ನು ನಿಮಗೇನು ಭಯ ಸಾರ್? ಕಬ್ಬಿಣದ ಮಾತ್ರೆ ಕೊಡಿ, ಹುಡುಗಿ ಚಿಗುರ್ಕೋತಾಳೆ" ಎಂದರು. ಬುಗುರಿ ಮನೆಗೆ ಬಂದು ಅಜ್ಜಿಯ ಮುಂದೆ ನಿಂತು, "ಅತ್ತೆಯ ಪರೀಕ್ಷೇಲಿ ನಾನು ಪಾಸು. ಜಸ್ಟ್ ಪಾಸು!" ಎಂದಳು. ಅಮ್ಮ ಚೌಕಟ್ಟಿನ ಧೂಳು ಒರೆಸಿದಳು.

ಮಾತ್ರೆ ಕೊಡುವ ಕೆಲಸ ನನ್ನದಾಯಿತು. ಬೆಳಗ್ಗೆ ಒಂದು, ಸಂಜೆ ಒಂದು. ಅವಳಿಗೆ ಆ ಮಾತ್ರೆಯ ತುಕ್ಕು ರುಚಿ ಸೇರುತ್ತಿರಲಿಲ್ಲ. ನಾನು ಲೋಟ ಹಿಡಿದು ಅವಳ ಹಿಂದೆ ಹಿಂದೆ ಹೋಗಿ ಹಾಡುತ್ತಿದ್ದೆ: "ಒಂದೇ ಗುಕ್ಕಿಗೆ ನುಂಗು, ನಾಳೆ ಕೆನ್ನೆಗೆ ರಂಗು." ಸುಸ್ತು ಕಮ್ಮಿಯಾಗದಾಗ ಮಾತ್ರೆ ಎರಡಿದ್ದದ್ದು ಮೂರಾಯಿತು. ಪ್ರಾಸ ಮಾತ್ರ ಅದೇ ಇತ್ತು. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ ಅಕ್ಕಾ. ನನ್ನ ಜೀವಮಾನದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಕೊನೆಗೆ ರಂಗು ಬಂತು. ಹಳದಿ.

ಈಗ ಡಾಕ್ಟರಮ್ಮ ಹೇಳುವುದು ಇಷ್ಟು. ಇವಳ ರಕ್ತಕಣಗಳು ಬೇಗ ಬೇಗ ಒಡೆಯುತ್ತಿರುವ ಹಾಗೆ ಕಾಣುತ್ತದೆ, ಒಡೆದ ಕಣದ ಕಬ್ಬಿಣ ಒಳಗೇ ಉಳಿಯುತ್ತದೆ, ಅದರ ಮೇಲೆ ನಾವು ಹೊರಗಿನಿಂದಲೂ ಸುರಿದಿದ್ದೇವೆ. ಅಂಥವರಿಗೆಂದೇ ದೊಡ್ಡ ಆಸ್ಪತ್ರೆಯಲ್ಲಿ ಒಂದು ವಿಭಾಗ ಇದೆ, ಕಬ್ಬಿಣ ಇಳಿಸುವ ಔಷಧಿಯೂ ಮುಂದಿನ ಚಿಕಿತ್ಸೆಯೂ ಅಲ್ಲೇ. ಅರ್ಜಿ ಹಾಕಿದೆವು. ಅರ್ಜಿಯ ಏಳನೇ ಕಾಲಮ್ಮಿನಲ್ಲಿ, ಕಣಗಳ ಅಳತೆ ಅರವತ್ತೊಂದಕ್ಕಿಂತ ಕೆಳಗಿದೆಯೇ ಎಂದು ಕೇಳಿದ್ದಾರೆ. ಇಲ್ಲ. ಅರವತ್ತೆರಡು. ಅರ್ಜಿ ವಾಪಸು ಬಂತು. ಡಾಕ್ಟರಮ್ಮ ಮತ್ತೆ ಅಳೆಸಿದರು, ಮತ್ತೆ ಅರವತ್ತೆರಡು, ಮತ್ತೆ ವಾಪಸು. "ನನ್ನ ಕಣ್ಣಿಗೆ ಕಾಯಿಲೆ ಕಾಣ್ತಿದೆ ಸಾರ್, ಕಾಗದದ ಮೇಲೆ ಕಾಣ್ತಿಲ್ಲ. ದೊಡ್ಡಾಸ್ಪತ್ರೆ ಕಮಿಟಿಯವರು ಕಾಗದ ನೋಡ್ತಾರೆ" ಎಂದು ಕೈ ಚೆಲ್ಲಿದರು.

ಆಗಲೇ ನಾನು ನಿನಗೆ ಫೋನ್ ಮಾಡಿದ್ದು. ನೆನಪಿದೆಯಲ್ಲ? ಒಂದು ಸಾಲು ಬರೆದುಕೊಡು, ಆ ಗೆರೆ ಸ್ವಲ್ಪ ಆಚೀಚೆ ಇರಬಹುದು ಅಂತ ಹೇಳು, ಸಾಕು ಎಂದು ಗೋಗರೆದೆ. ನೀನು ಅಳುತ್ತಿದ್ದೆ, ನನಗೆ ಕೇಳಿಸಿತು. ಆದರೂ ಹೇಳಿದೆ, "ನನ್ನ ಸೊಸೆ ಅಂತ ಗೆರೆ ಎಳೆದಾಡೋಕೆ ಆಗಲ್ಲ ಕಣೋ. ಅದು ನನ್ನ ಅಭಿಪ್ರಾಯ ಅಲ್ಲ, ಇಪ್ಪತ್ತು ಜನರ ರಕ್ತ." ನನಗೆ ಆವತ್ತು ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಫೋನ್ ಇಟ್ಟ ಮೇಲೂ ಹತ್ತು ನಿಮಿಷ ಬೈಯುತ್ತಿದ್ದೆ. ಆದರೆ ನೀನು ಹೇಳಿದ್ದು ಸರಿ. ನಿನಗೆ ಗೊತ್ತಿರುವಷ್ಟಕ್ಕೆ ಸರಿ.

ಆಮೇಲಿನಿಂದ ಈ ಬೆಂಚಿನ ಮೇಲೆ ಕೂತು ನಾನು ಹನ್ನೆರಡು ವರ್ಷದ ಹಿಂದಿನ ಆ ನಾಲ್ಕು ದಿನಗಳನ್ನೇ ತಿರುವಿಹಾಕುತ್ತಿದ್ದೇನೆ. ನೆಲಮಾಳಿಗೆಯ ಪ್ರಯೋಗಾಲಯ, ಗುಂಯ್ ಅನ್ನುವ ಫ್ರಿಜ್ಜು, ಒಂದು ಕಾಲು ಕುಂಟುವ ಸ್ಟೂಲು. ಬೇರೆ ವಿಭಾಗದವರಿಂದ ನಾಲ್ಕೇ ದಿನಕ್ಕೆ ಕಾಡಿ ಬೇಡಿ ತಂದ ಯಂತ್ರ; ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು. ಸಹಾಯಕನಾಗಿ ಬಂದ ಕನ್ನಡ ಮಾಧ್ಯಮದ ತಮ್ಮನಿಗೆ ನೀನು ಅದನ್ನು ವಿವರಿಸಿದ ರೀತಿ ಇವತ್ತಿಗೂ ಬಾಯಿಪಾಠ. ಉಗುರಿನಗಲದ ಗಾಜು, ಅದರೊಳಗೆ ರಕ್ತಕಣಕ್ಕಿಂತ ಕಿರಿದಾದ ಓಣಿಗಳು. ಕಣ ಆರೋಗ್ಯವಾಗಿದ್ದರೆ ಮೈ ಮಡಚಿ, ನುಸುಳಿ, ಆಚೆ ಹೋಗಿ ಮತ್ತೆ ದುಂಡಗಾಗುತ್ತದೆ. ಕೆಟ್ಟಿದ್ದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ನೂರು ಕಣ ಬಿಟ್ಟರೆ ಎಷ್ಟು ದಾಟಿದವು, ಅದೇ ಅಳತೆ. ತುಂಬಿದ ಬಸ್ಸಿನಲ್ಲಿ ಇಳಿಯುವವರ ಹಾಗೆ ಅಂದೆ ನಾನು. "ಹೂಂ ಕಣೋ, ಅಷ್ಟೇ" ಅಂದೆ ನೀನು. ಬಾಗಿಲ ಮೇಲೆ ನಾನು ಚೀಟಿ ಅಂಟಿಸಿದೆ: "ಬಳುಕುವ ಕಣಕ್ಕೆ ದಾರಿ, ಬಿಗಿದುಕೊಂಡರೆ ಸಾರಿ." ದೊಡ್ಡ ಪ್ರೊಫೆಸರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಇಪ್ಪತ್ತು ಜನ ಆರೋಗ್ಯವಂತರು ಬೇಕಿತ್ತು. ನಿನ್ನ ನಿಯಮಗಳು ಎರಡು. ಪ್ರಯೋಗಾಲಯದವರ ರಕ್ತ ಬೇಡ, ಮನೆಯವರದ್ದೂ ಬೇಡ. ಮತ್ತೆ, ಯಾರ ರಕ್ತ ಯಾವುದು ಎಂದು ನಿನಗೆ ಗೊತ್ತಾಗಬಾರದು. "ಹೆಸರು ಕಂಡರೆ ಕಣ್ಣು ಪಕ್ಷಪಾತ ಮಾಡುತ್ತೆ. ನನಗೆ ನಂಬರು ಮಾತ್ರ ಕೊಡು" ಎಂದಿದ್ದೆ. ಹಾಗಾಗಿ ಸೂಜಿ ಚುಚ್ಚುವವನೂ ನಾನೇ, ಹಸಿರು ಪುಸ್ತಕದಲ್ಲಿ ನಂಬರಿನ ಎದುರು ಹೆಸರು ಬರೆಯುವವನೂ ನಾನೇ, ಪುಸ್ತಕ ಬೀರುವಿನಲ್ಲಿಟ್ಟು ಬೀಗ ಹಾಕುವವನೂ ನಾನೇ. ಸೂಜಿ ಮೇಷ್ಟ್ರು ಎಂಬ ಬಿರುದು ಬಂದದ್ದು ಆಗಲೇ. ನೀನು ಪರದೆಯ ಆಚೆ ಕೂತು ಎಣಿಸುತ್ತಿದ್ದೆ. ಮಧ್ಯಾಹ್ನ ಊಟ ಎಂದರೆ ನಾನು ನಿನ್ನ ಬಾಯಿಗೆ ತುರುಕಿದ ಎರಡು ಬಿಸ್ಕತ್ತು.

ನಾಲ್ಕನೆಯ ದಿನ ಸಂಜೆ ನೀನು ಪಟ್ಟಿ ಹಾಕಿದೆ. ಹದಿನೆಂಟು ಚುಕ್ಕೆ ಎಪ್ಪತ್ತೈದರಿಂದ ತೊಂಬತ್ತರೊಳಗೆ ಗುಂಪಾಗಿ ಕೂತಿದ್ದವು. ಎರಡು ಮಾತ್ರ ಕೆಳಗೆ, ಶಾಲೆಯಿಂದ ಹೊರಗೆ ನಿಲ್ಲಿಸಿದ ಮಕ್ಕಳ ಹಾಗೆ: ಅರವತ್ತೊಂದು, ಅರವತ್ತೆರಡು. ನೀನು ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ನೋಡಿದೆ. ಆಮೇಲೆ ಕೇಳಿದೆ, "ಒಂಬತ್ತು ಮತ್ತೆ ಹದಿನಾಲ್ಕು, ಇವರಿಬ್ಬರೂ ಆರೋಗ್ಯವಾಗಿದ್ದಾರೇನೋ? ಹೆಸರು ಹೇಳ್ಬೇಡ. ಹೌದೋ ಅಲ್ಲವೋ ಹೇಳು." ನಾನು, "ಕಲ್ಲುಗುಂಡಿನ ಹಾಗಿದ್ದಾರೆ ಅಕ್ಕಾ" ಎಂದೆ. ನೀನು ಉಸಿರು ಬಿಟ್ಟೆ. "ಒಂದೇ ಚುಕ್ಕೆ ಆಗಿದ್ರೆ ಅಳತೆ ತಪ್ಪು ಅಂತ ತೆಗೆದುಹಾಕ್ತಿದ್ದೆ. ಬೇರೆ ಬೇರೆ ದಿನ, ಬೇರೆ ಬೇರೆ ಮನುಷ್ಯರು, ಒಂದೇ ಜಾಗಕ್ಕೆ ಬಂದಿದ್ದಾರೆ ಅಂದ್ರೆ ಅದು ನಿಜ ಇರ್ಬೇಕು. ಇಬ್ಬರ ಸಾಕ್ಷಿ ತೆಗೆದುಹಾಕೋಕೆ ನಾನ್ಯಾರು?" ಎಂದು ಗೆರೆಯನ್ನು ಅರವತ್ತೊಂದಕ್ಕೆ ಇಳಿಸಿದೆ. ಆ ಗೆರೆಯೇ ಅಚ್ಚಾಯಿತು, ಆ ಗೆರೆಯೇ ಆಸ್ಪತ್ರೆಗಳ ಗೋಡೆ ಹತ್ತಿತು, ಆ ಗೆರೆಗೇ ಇಪ್ಪತ್ತನೇ ತಾರೀಕು ಸನ್ಮಾನ. ಪ್ರಬಂಧ ಕೈಗೆ ಬಂದ ದಿನ ನಾನು ನಿಘಂಟು ಮುಂದಿಟ್ಟುಕೊಂಡು ಮೂರು ಗಂಟೆ ಓದಿದೆ. ಕೊನೆಯಲ್ಲಿ ನೀನು ಸಹಾಯಕನಿಗೂ ರಕ್ತ ಕೊಟ್ಟ ಇಪ್ಪತ್ತು ಜನರಿಗೂ ಕೃತಜ್ಞತೆ ಹೇಳಿದ್ದೆ. ಆ ಪುಟವನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ನನಗೆ ಓದುವಾಗ ಯಾಕೋ ಕೆಮ್ಮು ಬಂತು.

ಬುಗುರಿ ಈಗ ಎದ್ದಿದ್ದಾಳೆ. ಬಾಗಿಲ ಸಂದಿಯಿಂದ ಕಾಣುತ್ತಿದ್ದಾಳೆ. ನೀರಿನ ಲೋಟ ಎತ್ತಲು ಎರಡೂ ಕೈ ಬೇಕು ಅವಳಿಗೆ. ನಿನ್ನೆ ನಾನು ಅವಳನ್ನು ನಗಿಸಲು ಒಂದು ಪದ್ಯ ಕಟ್ಟಿ ಹೇಳಿದರೆ, "ಬೇಡಪ್ಪಾ, ನಿನ್ನ ಹೋದ ಪ್ರಾಸಕ್ಕೇ ಲಿವರ್ ಹೋಯ್ತು" ಎಂದಳು. ಹೇಳಿ ತಾನೇ ನಕ್ಕಳು, ಆಮೇಲೆ ನನ್ನ ಮುಖ ನೋಡಿ, "ಸುಮ್ನೆ ಅಂದೆ ಕಣಪ್ಪಾ" ಎಂದು ನನಗೆ ಸಮಾಧಾನ ಮಾಡಿದಳು. ಇವತ್ತು ಬೆಳಗ್ಗೆ ಡಾಕ್ಟರಮ್ಮನನ್ನು ಹೊರಗೆ ಕರೆದು, ದೊಡ್ಡ ಆಸ್ಪತ್ರೆಯವರು ಈಗ ಸೇರಿಸಿಕೊಂಡರೆ ಎಂದು ಕೇಳಿದೆ. "ಆರು ತಿಂಗಳ ಹಿಂದೆ ಕೇಳಿದ್ರೆ ಹೂಂ ಅಂತಿದ್ದೆ. ಈಗ ಸೇರಿಸ್ಕೊಳ್ಳಲಿ, ಆದ್ರೆ ನೀವು ಆಸೆ ಇಟ್ಕೋಬೇಡಿ" ಎಂದರು. ಹೀಗೆ ಎಲ್ಲ ಬಾಗಿಲೂ ಒಂದೊಂದಾಗಿ ಕಿರಿದಾಗಿವೆ ಅಕ್ಕಾ. ನಾವು ಬಳುಕಿದ್ದೂ ಆಯಿತು, ಬಾಗಿದ್ದೂ ಆಯಿತು.

ಅಮ್ಮನಿಗೆ ಇದೇನೂ ಹೇಳಿಲ್ಲ. ಅವಳು ದಿನಕ್ಕೆ ನಾಲ್ಕು ಸಲ, "ಅಕ್ಕನಿಗೆ ಒಂದು ಮಾತು ಹೇಳೋ, ಅವಳು ರಕ್ತಾನೇ ಓದಿದವಳು, ಬಂದರೆ ಎಲ್ಲಾ ಸರಿಹೋಗುತ್ತೆ" ಅನ್ನುತ್ತಾಳೆ. ಹೇಳಿದ್ದೇನೆ ಎನ್ನುತ್ತೇನೆ. ಹೇಳಬೇಕಾದ್ದನ್ನು ಹೇಳಿಲ್ಲ ಎಂಬುದು ಅವಳ ಕಿವಿಗೆ ಬೀಳುವ ಮಾತಲ್ಲ.

ಸಮಾರಂಭ ಚೆನ್ನಾಗಿ ನಡೆಯಲಿ ಎಂದು ಬರೆಯಬೇಕು. ಬರೆದೆ. ನೀನು ಸನ್ಮಾನಕ್ಕೆ ಯೋಗ್ಯಳು, ಅದರಲ್ಲಿ ನನಗೆ ಇವತ್ತಿಗೂ ಎಳ್ಳಷ್ಟೂ ಅನುಮಾನವಿಲ್ಲ. ಭಾವನಿಗೆ ನಮಸ್ಕಾರ. ನಿನ್ನ ನಾದಿನಿ ನಿನ್ನನ್ನು ಕೇಳಿದೆ ಎಂದು ಹೇಳಲು ಹೇಳಿದ್ದಾಳೆ. ನನ್ನ ಜೊತೆ ಅವಳು ಈಗ ಹೆಚ್ಚು ಮಾತಾಡುವುದಿಲ್ಲ, ಆದರೆ ಇಷ್ಟು ಹೇಳಿದ್ದಾಳೆ. ಬುಗುರಿ, "ಅತ್ತೆಗೆ ಅಂತ ಒಂದು ಮುತ್ತು ಬರಿ" ಎಂದಳು. ಬರೆದಿದ್ದೇನೆ. ಅಮ್ಮನ ಆಶೀರ್ವಾದ ನಿನಗೆ ಇದ್ದೇ ಇದೆ. ಇನ್ನು ಸ್ವಲ್ಪ ದಿನ ಅದು ನಿನಗೆ ತುಂಬ ಬೇಕಾಗುತ್ತದೆ.

ಇಂತಿ ನಿನ್ನ ತಮ್ಮ,
ಸೂಜಿ ಮೇಷ್ಟ್ರು

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ. ಮತ್ತೆ ಬಿಚ್ಚಿದೆ. ಹಸಿರು ಪುಸ್ತಕ ತೆರೆ. ಒಂಬತ್ತರ ಎದುರು ಪೇಂಟರ್ ಎಂದು ಬರೆದಿದೆ. ಅವನು ಸೂಜಿ ನೋಡಿಯೇ ಓಡಿಹೋದ. ಹದಿನಾಲ್ಕರ ಎದುರು ಲಿಫ್ಟಿನವನು ಎಂದಿದೆ. ಅವನು ಬರಲೇ ಇಲ್ಲ. ಯಂತ್ರ ನಾಲ್ಕೇ ದಿನ ಇತ್ತು, ನೀನು ಊಟ ಬಿಟ್ಟು ಕೂತಿದ್ದೆ, ರಕ್ತ ರಕ್ತವೇ ತಾನೇ ಅಂದುಕೊಂಡೆ. ಒಂಬತ್ತು ನನ್ನ ಎಡಗೈ. ಹದಿನಾಲ್ಕು ನನ್ನ ಬಲಗೈ. ನೀನು ಕೃತಜ್ಞತೆ ಹೇಳಿದ ಪುಟದಲ್ಲಿ ನಾನು ಮೂರು ಸಲ ಇದ್ದೇನೆ. ಕಲ್ಲುಗುಂಡು ಎಂದಾಗ ಹಾಗೇ ನಂಬಿದ್ದೆ, ಅದೊಂದು ಮಾತ್ರ ಸುಳ್ಳಲ್ಲ. ಆದರೆ ಎರಡು ವರ್ಷದ ಹಿಂದೆ ಬುಗುರಿಯದ್ದು ಅರವತ್ತೆರಡು ಎಂದಾಗಲೇ ಅದು ನನ್ನದೇ ಒಂದು ಕೈಯ ಅಳತೆ ಎಂದು ನೆನಪಾಗಿತ್ತು. ನಾರ್ಮಲ್ ಅಂದರಲ್ಲ ಎಂದು ಬಾಯಿ ಮುಚ್ಚಿಕೊಂಡು ಮಾತ್ರೆ ಕೊಟ್ಟೆ. ಹೋದ ಗುರುವಾರ ಡಾಕ್ಟರಮ್ಮ ಅಪ್ಪನದ್ದೂ ಒಂದು ಸಲ ನೋಡೋಣ ಎಂದರು. ಅರವತ್ತೊಂದು. "ಸರಿಯಾಗಿ ಗೆರೆ ಮೇಲೇ ಕೂತಿದ್ದೀರಲ್ಲ ಸಾರ್" ಎಂದು ನಕ್ಕರು. ಅವಳ ಕಾಯಿಲೆ ನನ್ನದು, ಅವಳನ್ನು ಆರೋಗ್ಯವಂತೆ ಅಂದ ಗೆರೆಯೂ ನನ್ನದು. ನಿಜವಾದ ಗೆರೆ ಎಪ್ಪತ್ತೈದು. ಅದರ ಕೆಳಗೆ ಇನ್ನೆಷ್ಟು ಮನೆಯವರು ಲೋಟ ಹಿಡಿದು ಮಾತ್ರೆ ನುಂಗಿಸುತ್ತಿದ್ದಾರೋ ಗೊತ್ತಿಲ್ಲ. ಪ್ರಬಂಧ ಅಚ್ಚು ಹಾಕಿದವರಿಗೆ ಇವತ್ತೇ ಬರೆ. ಸಭೆಯಲ್ಲಿ ನನ್ನ ಎರಡು ಮಾತು ಓದಿಸುವುದಾದರೆ ಇದನ್ನೇ ಓದಿಸು. ಇಪ್ಪತ್ತು ಜನರ ರಕ್ತ ಅಂದೆಯಲ್ಲ, ಇಪ್ಪತ್ತು ಅಲ್ಲ ಅಕ್ಕಾ. ಹದಿನೆಂಟು ಜನ, ಮತ್ತೆ ನಾನು.